ಆಟಿಕೆಯ ಹೊಲದಲ್ಲಿ ರಾಗಿ ಬೆಳೆಯುವುದಿಲ್ಲ

ಮಾಂಟೆಸರಿ ಶಾಲೆಗಳಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ಒಂದು ಪುಟ್ಟ ಹೊಲ. ಅಂಗೈಯಗಲದ ಕೊಟ್ಟಿಗೆ, ಬೆರಳುದ್ದದ ಹಸು, ಕುದುರೆ, ಕೋಳಿ, ಬೇಲಿ, ಒಂದೆರಡು ಮರ. ಜೊತೆಗೆ ಒಂದು ಕಟ್ಟು ಚೀಟಿ. ಮಗು ಚೀಟಿ ಓದುತ್ತದೆ, ಅದಕ್ಕೆ ಸರಿಯಾದ ಪ್ರಾಣಿಯನ್ನು ಹುಡುಕಿ ಅದರ ಮುಂದೆ ಇಡುತ್ತದೆ. ಹೀಗೆ ಆಡುತ್ತಾ ಆಡುತ್ತಾ ನಾಮಪದ ಯಾವುದು, ಗುಣವಾಚಕ ಯಾವುದು, ಕ್ರಿಯಾಪದ ಯಾವುದು ಎಂದು ತಿಳಿಯುತ್ತದೆ. ಬೆತ್ತವಿಲ್ಲ, ಬಾಯಿಪಾಠವಿಲ್ಲ. ಬಹಳ ಒಳ್ಳೆಯ ಆಟ.

ಆದರೆ ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಈ ಪೆಟ್ಟಿಗೆಯ ಚೀಟಿಗಳು ಸಾಮಾನ್ಯವಾಗಿ ಇಂಗ್ಲಿಷಿನವು. 'ಕೌ', 'ಬಾರ್ನ್', 'ಹೇ'. ಹೊಲವೂ ಯೂರೋಪಿನ ಹೊಲ. ಅದರಲ್ಲಿ ನೇಗಿಲಿಲ್ಲ, ನೊಗವಿಲ್ಲ, ಕೂರಿಗೆಯಿಲ್ಲ, ಕಣವಿಲ್ಲ, ರಾಗಿಯ ಮೆದೆಯಿಲ್ಲ. ಅದನ್ನು ಜೋಡಿಸುತ್ತಾ ಕೂತ ಮಗುವಿನ ಅಜ್ಜ ಮಾಗಡಿಯಲ್ಲೋ ಕನಕಪುರದಲ್ಲೋ ನಿಜವಾದ ಹೊಲದಲ್ಲಿ ಮಳೆಗೆ ಕಾಯುತ್ತಾ ನಿಂತಿರುತ್ತಾನೆ. ಮೊಮ್ಮಗಳಿಗೆ 'ಹಾರ್ಸ್' ಗೊತ್ತು, ಅಜ್ಜನ ಕೈಯಲ್ಲಿರುವ ಕುಂಟೆಯ ಹೆಸರು ಗೊತ್ತಿಲ್ಲ. ಫೀಸು ಕಟ್ಟಿದ್ದು ಇದಕ್ಕೇನು?

ಮಾಂಟೆಸರಿಯನ್ನು ಬೈಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆ ಮಹಾತಾಯಿ ಹೇಳಿದ್ದೇ ಬೇರೆ, ಅವರ ಹೆಸರಿನ ಬೋರ್ಡು ಹಾಕಿಕೊಂಡವರು ಮಾಡುತ್ತಿರುವುದೇ ಬೇರೆ ಎಂದು ತೋರಿಸುವುದಕ್ಕಾಗಿ ಬರೆಯುತ್ತಿದ್ದೇವೆ. ಆ ಪದ್ಧತಿ ಹುಟ್ಟಿದ್ದು ಬಡವರ ಕೇರಿಯಲ್ಲಿ, ಅದು ಒಲಿದದ್ದು ಮಣ್ಣಿಗೆ, ಅದು ಆಡಿದ್ದು ಆಯಾ ಊರಿನ ಮಕ್ಕಳ ನುಡಿಯನ್ನು. ಈ ಮೂರನ್ನೂ ಕಿತ್ತು ಹಾಕಿದ ಮೇಲೆ ಉಳಿದದ್ದನ್ನು ನಮಗೆ ಮಾರುತ್ತಿದ್ದಾರೆ.

ಸ್ವಲ್ಪ ಇತಿಹಾಸ ನೋಡಿ. ಡಾಕ್ಟರ್ ಓದಿದ್ದ ಮಾರಿಯಾ ಮಾಂಟೆಸರಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದಾಗ ಮೆಟ್ಟಿಲು ಗೋಡೆ ಹಾಳು ಮಾಡುತ್ತಾ ಅಲೆಯುತ್ತಿದ್ದ ಮಕ್ಕಳೇ ಅವರ ಮೊದಲ ವಿದ್ಯಾರ್ಥಿಗಳು. ಎರಡು ವರ್ಷದ ನಂತರ, 1909ರಲ್ಲಿ, ಅವರು ಶಿಕ್ಷಕಿಯರಿಗೆ ಮೊದಲ ತರಬೇತಿ ಕೊಟ್ಟದ್ದೂ ಮೊದಲ ಪುಸ್ತಕ ಅಚ್ಚು ಹಾಕಿಸಿದ್ದೂ ಚಿತ್ತಾ ದಿ ಕಾಸ್ತೆಲ್ಲೊ ಎಂಬ ಊರಿನಲ್ಲಿ. ಅಲ್ಲಿ ಫ್ರಾಂಕೆಟ್ಟಿ ದಂಪತಿಗಳು ತಮ್ಮ ಜಮೀನಿನಲ್ಲಿ ದುಡಿಯುವ ರೈತರ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ಆ ಮೊದಲ ಪುಸ್ತಕದಲ್ಲೇ ಗಿಡ ಬೆಳೆಸುವುದು, ಪ್ರಾಣಿ ಸಾಕುವುದು ಹೇಗೆ ಶಿಕ್ಷಣವಾಗುತ್ತದೆ ಎಂಬುದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಅಂದರೆ ಹೊಲ ಆಮೇಲೆ ಸೇರಿಸಿದ ಅಲಂಕಾರವಲ್ಲ, ಅದು ಬುನಾದಿಯಲ್ಲೇ ಇತ್ತು.

1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷರ ಕಣ್ಣಿಗೆ ಅವರು ಶತ್ರು ದೇಶದವರಾದರು, ಮಗ ಮಾರಿಯೋನನ್ನು ಕೆಲ ಕಾಲ ಬಂಧನದಲ್ಲಿಟ್ಟರು. 1942ರಿಂದ 1944ರವರೆಗೆ ತಾಯಿ ಮಗ ಕೊಡೈಕೆನಾಲ್ ಬೆಟ್ಟದಲ್ಲಿ ಇದ್ದರು. 6ರಿಂದ 12 ವರ್ಷದ ಮಕ್ಕಳಿಗೆ ಏನು ಕಲಿಸಬೇಕು ಎಂಬ ಚಿಂತನೆ ಗಟ್ಟಿಯಾದದ್ದು ಅಲ್ಲೇ, ನಮ್ಮ ಪಕ್ಕದ ಆ ಬೆಟ್ಟದ ಕಾಡಿನಲ್ಲಿ, ಅಲ್ಲಿನ ಎಲೆ ಹೂ ಹುಳುಗಳ ನಡುವೆ. ಅದರ ತಿರುಳು ಇಷ್ಟು: ಈ ವಯಸ್ಸಿನ ಮಗು 'ಇದೇನು' ಎಂದು ಕೇಳುವುದನ್ನು ಬಿಟ್ಟು 'ಇದು ಯಾಕೆ ಹೀಗೆ' ಎಂದು ಕೇಳಲು ಶುರು ಮಾಡುತ್ತದೆ. ಅದಕ್ಕೆ ವಿಜ್ಞಾನ ಬೇರೆ, ಗಣಿತ ಬೇರೆ, ಭೂಗೋಳ ಬೇರೆ ಎಂದು ತುಂಡು ಮಾಡಿ ಕೊಡಬೇಡಿ. ಜಗತ್ತನ್ನು ಇಡಿಯಾಗಿ ತೋರಿಸಿ. ನಾಲ್ಕು ಗೋಡೆಯೊಳಗೆ ಕಟ್ಟಿಹಾಕಬೇಡಿ, ಹೊರಗೆ ಕಳಿಸಿ.

12 ದಾಟಿದವರಿಗೆ ಅವರು ಇನ್ನೂ ಮುಂದೆ ಹೋಗಿ ಹೊಲದಲ್ಲೇ ವಾಸ, ಹೊಲದಲ್ಲೇ ಶಾಲೆ, ಬೆಳೆದದ್ದನ್ನು ಮಾರುವ ಅಂಗಡಿಯೂ ಮಕ್ಕಳದ್ದೇ ಎಂಬ ಯೋಜನೆ ಹಾಕಿದರು. ಆ ಮಕ್ಕಳಿಗೆ ಜರ್ಮನ್ ನುಡಿಯಲ್ಲಿ ಇಟ್ಟ ಹೆಸರಿನ ಅರ್ಥ 'ಮಣ್ಣಿನ ಮಕ್ಕಳು'. ನಮ್ಮಲ್ಲಿ ಈ ಮಾತು ಚುನಾವಣೆ ಬಂದಾಗ ಮಾತ್ರ ಹೊರಗೆ ಬರುತ್ತದೆ. ಇಂದು ಹಲವು ದೇಶಗಳಲ್ಲಿ ಈ ಹೊಲದ ಶಾಲೆಯನ್ನು 6ರಿಂದ 12ರ ಮಕ್ಕಳಿಗೂ ತಂದಿದ್ದಾರೆ.

ಹೊಲದಲ್ಲಿ ಶಾಲೆ ಎಂದರೆ ಶನಿವಾರ ಕೊನೇ ಪೀರಿಯಡ್ಡಿನಲ್ಲಿ ಕಳೆ ಕೀಳಿಸುವುದಲ್ಲ ಗೆಳೆಯರೇ. ಒಂದು ಉದಾಹರಣೆ ಕೊಡುತ್ತೇವೆ. ನಿಮಗೆಲ್ಲ 30-40ರ ಸೈಟು ಗೊತ್ತು, 1200 ಚದರ ಅಡಿ. ಒಂದು ಗುಂಟೆ ಎಷ್ಟು, ಹೇಳಿ ನೋಡೋಣ. 33 ಅಡಿ ಉದ್ದ, 33 ಅಡಿ ಅಗಲ. ಒಂಬತ್ತು ವರ್ಷದ ನಾಲ್ಕು ಮಕ್ಕಳ ಕೈಗೆ ಹಗ್ಗ, ಗೂಟ ಕೊಡಿ. ಮೊದಲು 30 ಅಡಿಯ ಒಂದು ಚೌಕ ಹಾಕಲಿ: 900. ಅದರ ಎರಡು ಪಕ್ಕಕ್ಕೆ 30 ಅಡಿ ಉದ್ದ, 3 ಅಡಿ ಅಗಲದ ಎರಡು ಪಟ್ಟಿ: 90 ಮತ್ತು 90. ಮೂಲೆಯಲ್ಲಿ ಉಳಿದ 3 ಅಡಿಯ ಪುಟ್ಟ ಚೌಕ: 9. ಎಲ್ಲ ಸೇರಿಸಿದರೆ 1089 ಚದರ ಅಡಿ. ಹೈಸ್ಕೂಲಿನಲ್ಲಿ ನಾವೆಲ್ಲ ಅರ್ಥವಾಗದೆ ಉರು ಹೊಡೆದ ಬೀಜಗಣಿತದ ಸೂತ್ರ ಇದೇ ಅಲ್ಲವೇ? ಮಾಂಟೆಸರಿ ಇದನ್ನು ಮಣಿಗಳಲ್ಲಿ ಜೋಡಿಸಿ ತೋರಿಸಿದರು. ನಾವು ಮಣ್ಣಿನಲ್ಲಿ ತೋರಿಸಬಹುದು. ಹೀಗೆ 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಅಪ್ಪನ ಪಹಣಿಯಲ್ಲಿ ಬರೆದಿರುವ ಲೆಕ್ಕ ಮಗುವಿಗೆ ಆ ದಿನವೇ ಅರ್ಥವಾಗುತ್ತದೆ.

ಆ ಗುಂಟೆಯಲ್ಲಿ ರಾಗಿ ಬಿತ್ತಿ. ನಡುವೆ ನಮ್ಮ ಹಿರಿಯರು ಹಾಕುತ್ತಿದ್ದ ಹಾಗೆ ಅಕ್ಕಡಿ ಸಾಲು ಹಾಕಿ: ಅವರೆ, ಸಾಸಿವೆ, ಹುಚ್ಚೆಳ್ಳು. ಒಂದೂವರೆ ತಿಂಗಳಿಗೆ ಮಗು ಒಂದು ರಾಗಿ ಪೈರು, ಒಂದು ಅವರೆ ಗಿಡ ಕಿತ್ತು ನೋಡಲಿ. ರಾಗಿಗೆ ಎಳೆಎಳೆಯಾದ ತಂತುಬೇರು, ಅವರೆಗೆ ನಡುವೆ ಇಳಿದ ತಾಯಿಬೇರು. ಅವರೆಯ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು. ಅದರೊಳಗಿನ ಜೀವಾಣುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅಜ್ಜ ಯಾಕೆ ರಾಗಿಯ ಜೊತೆ ಅವರೆ ಹಾಕುತ್ತಿದ್ದ? ಮಗು ಕೇಳುವ 'ಯಾಕೆ'ಗೆ ಉತ್ತರ ಅದರ ಕೈಯಲ್ಲೇ ಇದೆ. ಸಸ್ಯಶಾಸ್ತ್ರವೂ ಆಯಿತು, ರಸಾಯನಶಾಸ್ತ್ರವೂ ಆಯಿತು, ಅಜ್ಜ ದಡ್ಡನಲ್ಲ ಎಂಬುದೂ ಗೊತ್ತಾಯಿತು. ಮೂರನೆಯದನ್ನು ಯಾವ ಕಾನ್ವೆಂಟಿನ ಸಿಲಬಸ್ಸಿನಲ್ಲಿ ಹುಡುಕುತ್ತೀರಿ?

ಇನ್ನು ಮಳೆ. ಸೂರ್ಯ 27 ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ಸುತ್ತುತ್ತಾನೆ ಎಂಬ ಲೆಕ್ಕದಲ್ಲಿ ನಮ್ಮ ರೈತರು ಮಳೆಗೆ ಹೆಸರಿಟ್ಟರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ಒಂದೊಂದಕ್ಕೂ 13-14 ದಿನ. ಗೋಡೆಯ ಮೇಲೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಿ ಈ ಹೆಸರುಗಳನ್ನು ಬರೆಯಿರಿ. ಅಂಗಳದಲ್ಲಿ ನೇರ ಗೋಡೆಯ ಒಂದು ಡಬ್ಬ ಇಟ್ಟು ಬಿದ್ದ ಮಳೆಯನ್ನು ಸ್ಕೇಲಿನಲ್ಲಿ ಅಳೆದು ಮಕ್ಕಳೇ ದಿನವೂ ಬರೆಯಲಿ. ಯಾವ ಗಾದೆ ನಿಜ, ಯಾವ ಗಾದೆ ಸುಳ್ಳು ಎಂದು ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಅವರೇ ತೀರ್ಮಾನಿಸಲಿ. ಹಿರಿಯರು ಹೇಳಿದ್ದೆಲ್ಲ ವೇದವಾಕ್ಯ ಎಂದು ಒಪ್ಪಿಸುವುದು ವಿದ್ಯೆಯಲ್ಲ. ಕೇಳದೆ ಬಿಸಾಡುವುದೂ ವಿದ್ಯೆಯಲ್ಲ. ಅಳೆದು ನೋಡುವುದೇ ವಿದ್ಯೆ.

ಈಗ ಭಾಷೆಯ ಮಾತಿಗೆ ಬನ್ನಿ. ಮೇಲೆ ಹೇಳಿದ ಪಾಠಗಳಲ್ಲಿ ಯಾವುದನ್ನು ಇಂಗ್ಲಿಷಿನಲ್ಲಿ ಮಾಡುತ್ತೀರಿ? ಅಕ್ಕಡಿ ಸಾಲಿಗೆ ಇಂಗ್ಲಿಷಿನ ಪುಸ್ತಕದ ಪದ ಹುಡುಕಬಹುದು. ಆದರೆ ಪಕ್ಕದ ಹೊಲದ ರೈತನ ಬಳಿ ಹೋಗಿ ಆ ಪದದಲ್ಲಿ ಪ್ರಶ್ನೆ ಕೇಳಲು ಆಗುತ್ತದೆಯೇ? ಎರೆಮಣ್ಣು, ಕೆಮ್ಮಣ್ಣು, ಗೋಡುಮಣ್ಣು, ಚೌಳು. ಇವು ಬರೀ ಹೆಸರುಗಳಲ್ಲ. ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ, ಎಲ್ಲಿ ಜೋಳ, ಎಲ್ಲಿ ರಾಗಿ ಎಂಬ ಶತಮಾನಗಳ ಅನುಭವ ಆ ಪದಗಳಲ್ಲಿ ಕೂತಿದೆ. ಹೊಲವೇ ಶಾಲೆಯಾದರೆ ಹೊಲದ ಭಾಷೆಯೇ ಮಾಧ್ಯಮವಾಗಬೇಕು. ಇದು ಅಭಿಮಾನದ ಮಾತಲ್ಲ, ಕಲಿಕೆಯ ಮಾತು.

ಇನ್ನೊಂದು ಸಂಗತಿ. ಮಾಂಟೆಸರಿ ಅಕ್ಷರ ಕಲಿಸಿದ್ದು ಹೆಸರಿನಿಂದಲ್ಲ, ಉಲಿಯಿಂದ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಾ ಮಗು ಅದರ ಉಲಿಯನ್ನು ಹೇಳುತ್ತದೆ. ರೋಮಿನ ಕೂಲಿಕಾರರ ಮಕ್ಕಳು ನಾಲ್ಕೈದು ವರ್ಷಕ್ಕೇ ಬರೆಯತೊಡಗಿದ್ದಕ್ಕೆ ಒಂದು ಕಾರಣ, ಇಟಾಲಿಯನ್ ಬಹುಮಟ್ಟಿಗೆ ಉಲಿದಂತೆ ಬರೆಯುವ ಭಾಷೆ. ಕನ್ನಡವೂ ಹಾಗೆಯೇ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಹೆಚ್ಚು ಇರುವುದು ನಿಜ. ಆದರೆ ಕಲಿತ ಮೇಲೆ ಮೋಸವಿಲ್ಲ. ಇಂಗ್ಲಿಷಿನ ಕಾಗುಣಿತ ಮಗುವಿಗೆ ಹೆಜ್ಜೆಹೆಜ್ಜೆಗೂ ಕೈಕೊಡುತ್ತದೆ. ಈ ಪದ್ಧತಿಗೆ ಕನ್ನಡ ಹೇಳಿ ಮಾಡಿಸಿದ ಭಾಷೆ. ಅದನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೇವೆ.

ಹಾಗೆಂದು ಇಂಗ್ಲಿಷ್ ಚೀಟಿಯನ್ನು ಕನ್ನಡಕ್ಕೆ ಬದಲಾಯಿಸಿಬಿಟ್ಟರೆ ಸಾಲದು. ಆ ಪೆಟ್ಟಿಗೆಯ ಮೊದಲ ಪಾಠವೇ 'ಎ' ಮತ್ತು 'ದಿ'. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ. ನಮ್ಮಲ್ಲಿ ಇರುವುದು ವಿಭಕ್ತಿ. ಹಸುವನ್ನು ಕಟ್ಟು, ಹಸುವಿಗೆ ಹುಲ್ಲು ಹಾಕು, ಹಸುವಿನ ಕೊರಳು, ಹಸುವಿನಿಂದ ಹಾಲು. ಒಂದೊಂದು ಪ್ರತ್ಯಯಕ್ಕೂ ಹಸುವಿನ ಹತ್ತಿರ ಮಾಡುವ ಕೆಲಸವೇ ಬೇರೆಯಾಗುತ್ತದೆ. ಕೊಟ್ಟಿಗೆಯಲ್ಲಿ ನಿಂತು ಇದನ್ನು ಆಟವಾಗಿ ಕಲಿಸುವ ಸಾಮಗ್ರಿಯನ್ನು ಕನ್ನಡದವರೇ ಮಾಡಬೇಕು. ಇಟಲಿಯಿಂದ ಬರುವುದಿಲ್ಲ, ಅಮೆಜಾನ್‌ನಿಂದಲೂ ಬರುವುದಿಲ್ಲ.

ಆಗುವ ಮಾತೇ ಇದು ಎಂದು ಮೂಗು ಮುರಿಯುವವರಿಗೆ ಬೇರೆ ರಾಜ್ಯಗಳನ್ನು ತೋರಿಸುತ್ತೇವೆ. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದು ಮಾಂಟೆಸರಿಗೆ ಗುಜರಾತಿ ಕಲಿಸಿದರು. ಅವರ ಜೊತೆ ಕೆಲಸ ಕಲಿತ ತಾರಾಬಾಯಿ ಮೋಡಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1945ರಲ್ಲಿ ಮುಂಬಯಿಯಿಂದಾಚೆ ಬೋರ್ಡಿ ಎಂಬ ಹಳ್ಳಿಗೆ, 1957ರಲ್ಲಿ ಕೋಸ್‌ಬಾಡ್ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೂತರು. ದುಬಾರಿ ಸಾಮಗ್ರಿ ಎಲ್ಲಿಂದ ತರುವುದು? ಬೀಜ, ಕಲ್ಲು, ಕಪ್ಪೆಚಿಪ್ಪು, ಎಲೆ, ಕಡ್ಡಿ, ಇವೇ ಸಾಮಗ್ರಿಯಾದವು. ಮಕ್ಕಳು ಶಾಲೆಗೆ ಬರಲಿಲ್ಲ, ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಅವರ ಜೊತೆ ದುಡಿದ ಅನುತಾಯಿ ವಾಘ್ ಆ ಕೆಲಸವನ್ನು ಮುಂದುವರಿಸಿದರು. 1962ರಲ್ಲಿ ತಾರಾಬಾಯಿಗೆ, 1985ರಲ್ಲಿ ಅನುತಾಯಿಗೆ ಪದ್ಮ ಪ್ರಶಸ್ತಿ ಬಂತು. ಕನ್ನಡಿಗರಿಗೂ ಈ ದಾರಿ ಹೊಸತಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು, ಜಗತ್ತಿನ ತಿಳಿವಳಿಕೆಯನ್ನು 'ಬಾಲಪ್ರಪಂಚ'ವಾಗಿ ಕನ್ನಡದಲ್ಲೇ ಕೊಟ್ಟರು.

ಅಷ್ಟೇ ಏಕೆ, ನಮ್ಮ ಸರ್ಕಾರಿ ಶಾಲೆಗಳ 'ನಲಿ-ಕಲಿ'ಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟ್ರುಗಳೇ ಸೇರಿ ಶುರು ಮಾಡಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪುಗುಂಪಾಗಿ, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿತು. ಅದರ ಮೂಲ ಆಂಧ್ರದ ರಿಷಿವ್ಯಾಲಿಯ ಪ್ರಯೋಗ, ಮಾಂಟೆಸರಿಯಲ್ಲ. ಆದರೆ ವಿಚಾರದಲ್ಲಿ ಅಕ್ಕತಂಗಿಯರು. ಲಕ್ಷ ರೂಪಾಯಿ ಫೀಸು ಕಟ್ಟಿ ಮೂರು ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅದು ಮಾಂಟೆಸರಿ, ದೊಡ್ಡಸ್ತಿಕೆ. ಫೀಸಿಲ್ಲದೆ ಕೂರಿಸಿದರೆ 'ಪಾಪ, ಟೀಚರ್ ಇಲ್ಲದ ಸರ್ಕಾರಿ ಸ್ಕೂಲು'. ಈ ಕೀಳರಿಮೆಗೆ ಮದ್ದು ಎಲ್ಲಿದೆ?

ಶಿಕ್ಷಕರ ಕೊರತೆ ಇಲ್ಲವೆಂದು ಹೇಳುತ್ತಿಲ್ಲ. ಇದೆ, ಅದು ಸರ್ಕಾರದ ಅಪರಾಧ. ಅದಕ್ಕಾಗಿ ಬೀದಿಗಿಳಿಯಬೇಕು. ಆದರೆ ಈ ವಿಚಿತ್ರವನ್ನೂ ನೋಡಿ: ಹಳ್ಳಿಯ ಮಗು ಬೆಳಿಗ್ಗೆ ವ್ಯಾನು ಹತ್ತಿ, ಹೊಲಗಳನ್ನು ಹಿಂದೆ ಹಾಕಿ, ಪೇಟೆಯ ಕಾಂಕ್ರೀಟ್ ಕಟ್ಟಡಕ್ಕೆ ಇಂಗ್ಲಿಷ್ ಕಲಿಯಲು ಹೋಗುತ್ತದೆ. ಅದೇ ಹೊತ್ತಿಗೆ ಪೇಟೆಯ ಸಿರಿವಂತರ ಮಗು ಎ.ಸಿ. ಬಸ್ಸಿನಲ್ಲಿ ಮಣ್ಣು ಮುಟ್ಟಲು ಹಳ್ಳಿಯ ಕಡೆ ಹೊರಡುತ್ತದೆ. ಮಣ್ಣು ಮುಟ್ಟುವುದಕ್ಕೂ ಫೀಸು. ಹಳ್ಳಿಯ ಕನ್ನಡ ಶಾಲೆಯ ಅಂಗಳ ಖಾಲಿ.

ರೈತ ಒಂದು ಮಾತು ಕೇಳುತ್ತಾನೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. 'ನಾನಂತೂ ಮಣ್ಣು ಹೊತ್ತು ಸತ್ತೆ, ನನ್ನ ಮಗನೂ ಶಾಲೆಯಲ್ಲಿ ಮಣ್ಣೇ ಹೊರಬೇಕೇನ್ರಪ್ಪ?' ಈ ಸಿಟ್ಟು ನ್ಯಾಯವಾದದ್ದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಎಂದರು. ಸ್ವಾತಂತ್ರ್ಯ ಬಂದ ಮೇಲೆ ಉಳ್ಳವರು ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ಮೂಲಶಿಕ್ಷಣ ಬಡವರಿಗೆ ಒಳ್ಳೆಯದು ಎಂದು ಭಾಷಣ ಮಾಡಿದರು. ಅದು ಸೊರಗಿತು. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಹಳ್ಳಿಯ ಶಾಲೆಗಳನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಿರಿ ಎಂದರು. ಆಗ ದಕ್ಷಿಣ ಕನ್ನಡವೂ ಆ ರಾಜ್ಯದಲ್ಲೇ ಇತ್ತು. ಇದು ಕುಲದ ಕಸುಬಿಗೆ ಕಟ್ಟಿಹಾಕುವ ಶಿಕ್ಷಣ ಎಂದು ಜನ ಸಿಡಿದೆದ್ದರು. ಮರುವರ್ಷವೇ ಯೋಜನೆ ಮಣ್ಣುಪಾಲಾಯಿತು. ಒಳ್ಳೆಯದೇ ಆಯಿತು.

ಹೊಲದ ಶಾಲೆ ಎಂದರೆ ರೈತನ ಮಗನನ್ನು ರೈತನಾಗಿಸುವ ಶಾಲೆಯಲ್ಲ. ರೈತನ ಮಗಳೂ, ಗಾರೆ ಕೆಲಸದವನ ಮಗನೂ, ಇಂಜಿನಿಯರನ ಮಗಳೂ, ತಹಸೀಲ್ದಾರನ ಮಗನೂ ಒಂದೇ ಗುಂಟೆಯಲ್ಲಿ ಒಂದೇ ಹಗ್ಗ ಹಿಡಿದು ಅಳೆಯುವ ಶಾಲೆ. ಅಲ್ಲಿ ಫಸಲಿನ ತೂಕ ಮುಖ್ಯವಲ್ಲ, ಪ್ರಶ್ನೆಯ ತೂಕ ಮುಖ್ಯ. ಒಂದು ಜಾತಿಯ ಮಕ್ಕಳು ಸಗಣಿ ಬಾಚಿ ಇನ್ನೊಂದು ಜಾತಿಯ ಮಕ್ಕಳು ನೋಟ್ಸ್ ಬರೆಯುವ ಕಡೆ ಆ ಶಾಲೆಯನ್ನು ಆ ದಿನವೇ ಮುಚ್ಚಬೇಕು. ಈ ಎಚ್ಚರ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಕಾನೂನಿನ ಮಾತನ್ನೂ ನೇರವಾಗಿ ಹೇಳಿಬಿಡೋಣ. ನಾಲ್ಕನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಎಂಬ 1994ರ ಸರ್ಕಾರಿ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು. ಕಾನೂನಿನ ಬಲದಿಂದ ಮಕ್ಕಳನ್ನು ಕನ್ನಡ ಶಾಲೆಗೆ ತರುವ ದಾರಿ ಕಿರಿದಾಗಿದೆ. ಉಳಿದ ದಾರಿ ಒಂದೇ: ಕನ್ನಡ ಶಾಲೆ ಎಷ್ಟು ಚೆನ್ನಾಗಿರಬೇಕು ಎಂದರೆ ತಾಯಂದಿರು ತಾವಾಗಿ ಹುಡುಕಿಕೊಂಡು ಬರಬೇಕು. ಇಂಗ್ಲಿಷನ್ನು ಅಲ್ಲಿ ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲಿ, ನಮ್ಮ ತಕರಾರಿಲ್ಲ. ಕಲಿಯುವ ಭಾಷೆ ಬೇರೆ, ಯಾವುದರಲ್ಲಿ ಕಲಿಯುತ್ತೇವೋ ಆ ಭಾಷೆ ಬೇರೆ.

ನಗರದ ತರುಣರೇ, ನಿಮಗೆ ನಾವು ಹೇಳುವುದು ಇಷ್ಟು. ಬೋರ್ಡಿಗೆ ಮಸಿ ಬಳಿಯಲು ಒಂದು ನಿಮಿಷ ಸಾಕು, ಒಂದು ಶಾಲೆಯನ್ನು ಎಬ್ಬಿಸಲು ಆರು ತಿಂಗಳು ಬೇಕು. ಎರಡನೆಯದನ್ನು ಆರಿಸಿಕೊಳ್ಳಿ. ನಿಮ್ಮೂರಿನ ಕನ್ನಡ ಶಾಲೆಗೆ ಹೋಗಿ. ಹೆಡ್‌ಮಾಸ್ತರರ ಬಳಿ, ಎಸ್‌ಡಿಎಂಸಿಯವರ ಬಳಿ ಕೂತು ಮಾತಾಡಿ, ಒಂದೇ ಒಂದು ಗುಂಟೆ ಕೇಳಿ. ಹಗ್ಗ, ಗೂಟ, ಬೀಜ, ಮಳೆ ಅಳೆಯುವ ಡಬ್ಬ, ಇಷ್ಟಕ್ಕೆ ಬೇಕಾಗುವ ದುಡ್ಡನ್ನು ನೀವು ಒಂದು ಸಂಜೆ ಹೋಟೆಲಿನಲ್ಲಿ ಖರ್ಚು ಮಾಡುತ್ತೀರಿ. ಊರಿನ ಅಜ್ಜ ಅಜ್ಜಿಯರನ್ನು ಕರೆತಂದು ಒಂದೊಂದು ಪದ, ಒಂದೊಂದು ಉಪಕರಣ ಮಕ್ಕಳಿಗೆ ಹೇಳಿಸಿ, ಬರೆಸಿ. ಚಿತ್ರ ಬರೆಯುವವರು ಕನ್ನಡದ ಚೀಟಿ ಮಾಡಿ, ಬಡಗಿ ಗೆಳೆಯರು ಕೂರಿಗೆ, ಕುಂಟೆ, ನೊಗದ ಪುಟ್ಟ ಮಾದರಿ ಮಾಡಿ, ಕಂಪ್ಯೂಟರ್ ಬಲ್ಲವರು ಅವನ್ನು ಎಲ್ಲ ಶಾಲೆಗೂ ಪುಕ್ಕಟೆ ಸಿಗುವಂತೆ ಮಾಡಿ. ಜಾಗವೇ ಇಲ್ಲದ ನಗರದ ಶಾಲೆಯಾದರೆ ಮಕ್ಕಳನ್ನು ಕೃಷಿ ವಿಶ್ವವಿದ್ಯಾಲಯದ ಹೊಲಗಳಿಗೆ, ಊರಂಚಿನ ತೋಟಗಳಿಗೆ ಕರೆದೊಯ್ಯಿರಿ. ಅನುಮತಿ ಕೇಳುವ ಪತ್ರ ಮಕ್ಕಳೇ ಬರೆಯಲಿ, ಬಸ್ಸಿನ ನಂಬರು ಮಕ್ಕಳೇ ಹುಡುಕಲಿ, ರೈತನಿಗೆ ಪ್ರಶ್ನೆ ಮಕ್ಕಳೇ ಕೇಳಲಿ. ಮಾಂಟೆಸರಿ 'ಹೊರಗೆ ಹೋಗುವುದು' ಎಂದದ್ದು ಇದನ್ನೇ.

ಅಧಿಕಾರಿಗಳಿಗೂ ಒಂದು ಮಾತು. ಹೊಸ ಆಯೋಗ ಬೇಡ, ಹೊಸ ಘೋಷಣೆ ಬೇಡ, ಉದ್ಘಾಟನೆಯ ಟೇಪು ಕತ್ತರಿಸಲು ಮಂತ್ರಿಯೂ ಬೇಡ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬಿ. ಜಾಗ ಇರುವ ಪ್ರತಿ ಕನ್ನಡ ಶಾಲೆಗೂ 33 ಅಡಿ ಉದ್ದ, 33 ಅಡಿ ಅಗಲದ ನೆಲವನ್ನು ಪಾಠದ ಕೋಣೆ ಎಂದು ಕಾಗದದಲ್ಲಿ ಬರೆದುಕೊಡಿ. ಒತ್ತುವರಿ ಮಾಡುವವರಿಗೆ ಎಕರೆಗಟ್ಟಲೆ ಬಿಟ್ಟುಕೊಟ್ಟ ಈ ನಾಡು ಮಕ್ಕಳಿಗೆ ಒಂದು ಗುಂಟೆ ಕೊಡಲಾರದೇ?